ಬೂದಿ ಬೀಳದ ಭಾನುವಾರಗಳು

ನಾನು ಹುಟ್ಟಿದಾಗಿನಿಂದ ಒಂದು ಬೀಡಿಯನ್ನೂ ತುಟಿಗಿಟ್ಟವಳಲ್ಲ. ಹೊಗೆ ಕಂಡರೆ ಕೆಮ್ಮು, ಕೆಮ್ಮು ಬಂದರೆ ಸಿಟ್ಟು, ಸಿಟ್ಟು ಬಂದರೆ ಎದುರಿಗಿದ್ದವರ ಗತಿ ದೇವರಿಗೇ ಪ್ರೀತಿ. ಅಂಥವಳು ಎಂಬತ್ತರ ದಶಕದಲ್ಲಿ ಕೆಲವು ತಿಂಗಳು, ಪ್ರತಿ ಭಾನುವಾರ ಮಧ್ಯಾಹ್ನ, ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ಪಂಪ್ ತಯಾರಿಸುವ ಒಂದು ಪಟ್ಟರೆಯ ಹಿತ್ತಲಲ್ಲಿ, ಸುರುಟ್ಟು ಸೇದುವ ನಾಲ್ಕು ಗಂಡಸರ ನಡುವೆ ಅಡಿಕೋಲು ಹಿಡಿದು ತೀರ್ಪುಗಾರ್ತಿಯಾಗಿ ಕೂತಿದ್ದೆ ಎಂದರೆ ನನ್ನ ಗಂಡನೇ ನಂಬುವುದಿಲ್ಲ. ಪಟ್ಟರೆ ಎಂದರೆ ವರ್ಕ್‌ಶಾಪು. ಸುರುಟ್ಟು ಎಂದರೆ ಇತ್ತ ಮೈಸೂರಿನವರು ಚುಟ್ಟಾ ಎನ್ನುವುದು. ನಮ್ಮದು ತಲೆಮಾರುಗಳಿಂದ ಅಲ್ಲೇ ಬೇರು ಬಿಟ್ಟ ನೇಕಾರರ ಮನೆ; ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಓದಲು ನಮ್ಮಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಈ ಅಕ್ಷರಗಳನ್ನೆಲ್ಲ ನಾನು ಕಲಿತದ್ದು ಮದುವೆಯಾಗಿ ಇತ್ತ ಬಂದ ಮೇಲೆ.

ಸುರುಟ್ಟು ಸೇದುವವರ ಕಷ್ಟ ಹೊರಗಿನವರಿಗೆ ತಿಳಿಯದು. ಸಿಗರೇಟಿನವನು ಬೀಡಿಯವನನ್ನು ಕೀಳಾಗಿ ನೋಡುತ್ತಾನೆ, ಬೀಡಿಯವನು ಸುರುಟ್ಟಿನವನನ್ನು ನೋಡುತ್ತಾನೆ, ಸುರುಟ್ಟಿನವನಿಗೆ ಕೀಳಾಗಿ ನೋಡಲು ಯಾರೂ ಉಳಿದಿರುವುದಿಲ್ಲ. ಅದರ ಹೊಗೆ ಅಷ್ಟು ಘಾಟು. ಬಸ್ಸಿನಲ್ಲಿ ಕಂಡಕ್ಟರ್ ಬೈಯುತ್ತಾನೆ, ಸಿನಿಮಾ ಮಂದಿರದಲ್ಲಿ ಪಕ್ಕದವನು ಎದ್ದು ಹೋಗುತ್ತಾನೆ, ಮನೆಯಲ್ಲಿ ಹೆಂಡತಿ ಹಿತ್ತಲಿಗೆ ಅಟ್ಟುತ್ತಾಳೆ. ಹೀಗೆ ಎಲ್ಲ ಕಡೆಯಿಂದ ಅಟ್ಟಿಸಿಕೊಂಡವರು ಒಬ್ಬರನ್ನೊಬ್ಬರು ದೂರದಿಂದಲೇ ಗುರುತು ಹಿಡಿಯುತ್ತಾರೆ. ಪೆಟ್ಟಿಗೆ ಅಂಗಡಿಯ ಕಂಬಕ್ಕೆ ತೂಗುಹಾಕಿದ, ಸದಾ ಕಿಡಿ ಹಿಡಿದಿರುವ ತೆಂಗಿನನಾರಿನ ಹಗ್ಗವಿರುತ್ತದಲ್ಲ, ಒಬ್ಬ ಹಚ್ಚಿಕೊಂಡ ಮೇಲೆ ಅದನ್ನು ಬಿಟ್ಟು ಹೋಗದೆ, ಊದಿ ಕಿಡಿ ಕೆಂಪು ಮಾಡಿ ಮುಂದಿನವನ ಕೈಗೆ ಕೊಡುತ್ತಾನೆ. ಅಪ್ಪನಿಗೆ ಅವರ ಜೀವದ ಗೆಳೆಯರು ಸಿಕ್ಕಿದ್ದು ಗಾಂಧಿಪುರದ ಒಂದು ಅಂಗಡಿಯ ಅಂಥ ಹಗ್ಗದ ತುದಿಯಲ್ಲಿ.

ಗೆಳೆಯರು ಮೂವರು. ಮೊದಲನೆಯವರು ನನ್ನ ಚಿಕ್ಕಪ್ಪ. ಒಡಹುಟ್ಟಿದವರಲ್ಲ, ಅಪ್ಪನ ದಾಯಾದಿ ತಮ್ಮ; ಮಗ್ಗ ಬಿಟ್ಟು ಲೇತ್ ಹಿಡಿದು ಗಣಪತಿಯಲ್ಲಿ ಸ್ವಂತ ಪಟ್ಟರೆ ಹಾಕಿಕೊಂಡವರು. ಎರಡನೆಯವರು ನಿವೃತ್ತರಾದ ತಮಿಳು ಮೇಷ್ಟ್ರು, ಎಲ್ಲರೂ ವಾತ್ಯಾರ್ ಎನ್ನುತ್ತಿದ್ದರು. ಮೂರನೆಯವರು ಕುನ್ನತ್ತೂರಿನ ರೈತರು, ಮೀಸೆ ದೊಡ್ಡದು, ಧ್ವನಿ ಅದಕ್ಕಿಂತ ದೊಡ್ಡದು. ಅವರ ಬಾವಿಯ ನೀರು ಉಪ್ಪು. ಆ ನೀರಿಗಾಗಿ ಊರೆಲ್ಲ ಅವರನ್ನು ಕನಿಕರಿಸಿದರೆ ಅವರು ಮಾತ್ರ ಆ ಬಾವಿಯನ್ನು ಹಾಡಿ ಹೊಗಳುತ್ತಿದ್ದರು. ಉಪ್ಪುನೀರು ಕುಡಿದು ಬೆಳೆದ ಹೊಗೆಸೊಪ್ಪಿನ ಬೂದಿ ಬೆಳ್ಳಗೆ, ಗಟ್ಟಿಯಾಗಿ ನಿಲ್ಲುತ್ತದಂತೆ. ಸಿಹಿನೀರಿನ ಸೊಪ್ಪಿನ ಬೂದಿ ಸೀನಿದರೆ ಉದುರುತ್ತದಂತೆ. ಎಲ್ಲರ ಸುರುಟ್ಟೂ ಅವರ ಮನೆಯಿಂದಲೇ ಬರುತ್ತಿತ್ತು. ಪ್ರತಿ ಭಾನುವಾರ ಬಾಳೆಪಟ್ಟೆಯಲ್ಲಿ ಸುತ್ತಿ, ಮಗು ಎತ್ತಿಕೊಂಡ ಹಾಗೆ ಎದೆಗೆ ಆನಿಸಿಕೊಂಡು ಬಸ್ಸಿಳಿಯುತ್ತಿದ್ದರು.

ಆ ಬೂದಿಯ ಗಟ್ಟಿತನದಿಂದಲೇ ಅವರ ಆಟ ಹುಟ್ಟಿದ್ದು. ಬೂದಿ ಪಂದ್ಯ. ನಾಲ್ವರೂ ಒಂದೇ ಹಗ್ಗದಿಂದ ಹಚ್ಚಿಕೊಳ್ಳಬೇಕು. ಸೇದುತ್ತ ಹೋಗಬೇಕು, ಆದರೆ ಬೂದಿ ಕೊಡವುವಂತಿಲ್ಲ. ಅದು ತಾನಾಗಿ ಉದುರಿದರೆ ಔಟ್. ಕೊನೆಯವರೆಗೆ ಬೂದಿ ನಿಲ್ಲಿಸಿಕೊಂಡವನು ಗೆದ್ದ, ಮೊದಲು ಬೀಳಿಸಿದವನು ಎಲ್ಲರಿಗೂ ಟೀ ಬಜ್ಜಿ ಹೊತ್ತು ತರಬೇಕು. ಕೇಳಲು ಸುಲಭ. ಆದರೆ ಮಾತಾಡಿದರೆ ತುಟಿ ಅಲುಗುತ್ತದೆ, ನಕ್ಕರೆ ಮೈಯೇ ಅಲುಗುತ್ತದೆ, ಬೂದಿ ಬಿತ್ತೆಂದೇ ಲೆಕ್ಕ. ಹಾಗಾಗಿ ನಾಲ್ವರೂ ತಲೆ ಹಿಂದಕ್ಕೆ ಚೆಲ್ಲಿ, ಸುರುಟ್ಟನ್ನು ಆಕಾಶಕ್ಕೆ ನೆಟ್ಟು, ಹಲ್ಲುನೋವು ಬಂದವರಂತೆ ಮುಖ ಮಾಡಿಕೊಂಡು ಕೂರುತ್ತಿದ್ದರು. ಕೂತಲ್ಲೇ ಒಬ್ಬರು ಇನ್ನೊಬ್ಬರನ್ನು ನಗಿಸಲು ನೋಡುವುದು. ಮಾತಿಲ್ಲದೆ ನಗಿಸಬೇಕು. ಚಿಕ್ಕಪ್ಪ ಕಿವಿ ಅಲ್ಲಾಡಿಸಬಲ್ಲವರಾಗಿದ್ದರು. ವಾತ್ಯಾರ್ ಒಂದು ಹುಬ್ಬನ್ನು ಮಾತ್ರ ಮೇಲಕ್ಕೆ ಕಳಿಸಿ ಅಲ್ಲೇ ನಿಲ್ಲಿಸುತ್ತಿದ್ದರು.

ಅಮ್ಮ ಇದ್ದಾಗ ಈ ಆಟದ ಸುದ್ದಿ ತೆಗೆದರೆ ಸಾಕು, ಹಣೆ ಚಚ್ಚಿಕೊಳ್ಳುತ್ತಿದ್ದಳು. ಬೂದಿ ಬಳಿದುಕೊಂಡು ಸನ್ಯಾಸಿಯಾದವರನ್ನು ನೋಡಿದ್ದೇನೆ, ಬೂದಿ ನೋಡಿಕೊಂಡು ಸೋಮಾರಿಯಾದವರನ್ನು ಇಲ್ಲೇ ನೋಡಿದ್ದು ಅನ್ನುತ್ತಿದ್ದಳು. ಅಪ್ಪ ಅದಕ್ಕೆ ಉತ್ತರ ಕೊಡುತ್ತಿದ್ದರು, ಅವಳು ತಿರುಗಿ ಕೊಡುತ್ತಿದ್ದಳು, ಹೀಗೆ ಮಗ್ಗದ ಸದ್ದಿನ ಮೇಲೆ ಇಬ್ಬರೂ ದಿನವಿಡೀ ಮಾತಾಡುತ್ತಿದ್ದರು. ಅಪ್ಪ ಮಹಾ ಮಾತುಗಾರರು. ಲಾಳಿ ಎಡಕ್ಕೆ ಹೋಗಿ ಬಲಕ್ಕೆ ಬರುವಷ್ಟರಲ್ಲಿ ಒಂದು ಕಥೆ ಮುಗಿಸಿ ಇನ್ನೊಂದು ಹಿಡಿಯುತ್ತಿದ್ದರು.

ಒಂದು ಮಾಘ ಮಾಸದಲ್ಲಿ ಅಮ್ಮ ಹೋದಳು. ಮೂರು ದಿನದ ಜ್ವರ, ಅಷ್ಟೇ. ಅವಳ ಹಿಂದೆಯೇ ಅಪ್ಪನ ಮಾತೂ ಹೋಯಿತು. ರೋಗವೇನೂ ಇರಲಿಲ್ಲ, ಡಾಕ್ಟರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ ಎಲ್ಲ ಸರಿಯಾಗಿದೆ ಎಂದರು. ಆದರೆ ಅಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಊಟ ಬೇಕೇ ಅಂದರೆ ತಲೆ ಹೀಗೆ, ಬೇಡವೇ ಅಂದರೆ ತಲೆ ಹಾಗೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು, ಹಾಸಿನ ಎಳೆಗಳ ಮೇಲೆ ಕೈ ಇಟ್ಟುಕೊಂಡು, ನೇಯದೆ. ನಾನು ಒಬ್ಬಳೇ ಮಗಳು, ಶಾಲೆಯಲ್ಲಿ ಗಣಿತ ಟೀಚರು. ದಿನವಿಡೀ ಗಲಾಟೆ ಮಾಡುವ ಮಕ್ಕಳಿಗೆ ಬಾಯಿ ಮುಚ್ಚಿ ಎಂದು ಕಿರುಚಿ ಮನೆಗೆ ಬಂದರೆ, ಇಲ್ಲಿ ಬಾಯಿ ತೆರೆಯಪ್ಪಾ ಎಂದು ಕೈ ಮುಗಿಯಬೇಕಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಎಂದವರು ನಮ್ಮ ಮನೆಯಲ್ಲಿ ಒಂದು ವಾರ ಇದ್ದು ಹೋಗಲಿ ಎಂದು ನನಗೆ ಅನಿಸುತ್ತಿತ್ತು. ನನಗೆ ಹೆದರಿಕೆಯಾಗಿತ್ತು. ಅಮ್ಮನನ್ನು ಕಳೆದುಕೊಂಡಿದ್ದೆ, ಅಪ್ಪನನ್ನು ಕಣ್ಣೆದುರಿಗೆ ಇಟ್ಟುಕೊಂಡೇ ಕಳೆದುಕೊಳ್ಳುತ್ತಿದ್ದೇನೆ ಅನಿಸುತ್ತಿತ್ತು.

ಮೂವರು ಗೆಳೆಯರೂ ವಾರವಾರ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಅಮ್ಮ ತೀರಿಹೋದ ಮನೆಯಲ್ಲಿ ಹೊಗೆ ಬಿಡಬಾರದೆಂದು ಯಾರೂ ಸುರುಟ್ಟು ಹಚ್ಚುತ್ತಿರಲಿಲ್ಲ. ಕುನ್ನತ್ತೂರಿನವರು ಹೋಗುವಾಗ ಒಂದೇ ಒಂದು ಸುರುಟ್ಟನ್ನು ಜಗಲಿಯ ಮೇಲೆ ಅಪ್ಪನ ಪಕ್ಕ ಇಟ್ಟು ಹೋಗುತ್ತಿದ್ದರು. ಅಪ್ಪ ಅದನ್ನು ಮುಟ್ಟುತ್ತಿರಲಿಲ್ಲ. ಮುಂದಿನ ವಾರ ಅವರು ಹಳೆಯದನ್ನು ಎತ್ತಿ ಜೇಬಿಗಿಟ್ಟುಕೊಂಡು ಹೊಸದನ್ನು ಇಡುತ್ತಿದ್ದರು. ಒಂದು ಮಾತೂ ಆಡದೆ ಇದನ್ನು ತಿಂಗಳುಗಟ್ಟಲೆ ಮಾಡಿದರು. ಹೊಗೆಯ ಬಗ್ಗೆ ನನಗೆ ಎಷ್ಟೇ ಸಿಟ್ಟಿರಲಿ, ಆ ಮನುಷ್ಯರ ಬಗ್ಗೆ ಸಿಟ್ಟು ಮಾಡಿಕೊಳ್ಳುವುದು ಅಂದಿನಿಂದ ನನ್ನಿಂದಾಗಲಿಲ್ಲ.

ಕೊನೆಗೆ ಚಿಕ್ಕಪ್ಪ ಒಂದು ಉಪಾಯ ತಂದರು. ಅಪ್ಪನನ್ನು ಭಾನುವಾರದ ಪಂದ್ಯಕ್ಕೆ ಮತ್ತೆ ಕರೆತರುವುದು. ಹಳೆಯ ಜಾಗ, ಹಳೆಯ ಜನ, ನಾಲ್ಕು ನಗು ನಕ್ಕರೆ ಮಾತು ತಾನಾಗಿ ಬರುತ್ತದೆ ಎಂದು ಅವರ ಲೆಕ್ಕ. ವಾತ್ಯಾರ್ ಅದನ್ನು ಅನುಮೋದಿಸಿದರು. ಕುನ್ನತ್ತೂರಿನವರು ಈ ಬಾರಿ ವಿಶೇಷವಾಗಿ ಸೊಪ್ಪನ್ನು ಪಾಕದಲ್ಲಿ ಅದ್ದಿ ಹದ ಮಾಡಿಸುತ್ತೇನೆಂದರು. ನಾನೂ ಕುಣಿದಾಡಿ ಒಪ್ಪಿದೆ. ನಾಲ್ಕು ಜನ ಬುದ್ಧಿವಂತರು ಸೇರಿ ಎಂಥ ಪೆದ್ದು ಕೆಲಸ ಮಾಡುತ್ತಿದ್ದೇವೆಂದು ಒಬ್ಬರಿಗೂ ಹೊಳೆಯಲಿಲ್ಲ.

ಅಪ್ಪ ಒಬ್ಬರೇ ಹೊರಡುವ ಸ್ಥಿತಿಯಲ್ಲಿರಲಿಲ್ಲ. ನಾನೇ ಕೈ ಹಿಡಿದು ನಮ್ಮ ಮನೆಯಿದ್ದ ಸೆಲ್ವಪುರದಲ್ಲಿ ಬಸ್ಸು ಹತ್ತಿಸಿ, ಗಾಂಧಿಪುರದಲ್ಲಿ ಇಳಿಸಿ, ಮತ್ತೆ ಹತ್ತಿಸಿ ಗಣಪತಿಗೆ ಕರೆದುಕೊಂಡು ಹೋದೆ. ಹೋದವಳು ಸುಮ್ಮನೆ ಕೂತರೆ ಕೆಮ್ಮುತ್ತೇನೆಂದು, ಕೈಗೊಂದು ಕೆಲಸವಿರಲಿ ಎಂದು, ಕುನ್ನತ್ತೂರಿನವರು ನನ್ನನ್ನು ತೀರ್ಪುಗಾರ್ತಿಯನ್ನಾಗಿ ಮಾಡಿದರು. ಸೇದದವರು ಪಕ್ಷಪಾತ ಮಾಡುವುದಿಲ್ಲ ಎಂಬುದು ಅವರ ತರ್ಕ. ನಾನು ಚೀಲದಿಂದ ಶಾಲೆಯ ಅಡಿಕೋಲು ತೆಗೆದು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಹೊಂಗೆ ಮರದ ಕೆಳಗೆ ತಲೆಕೆಳಗಾಗಿಟ್ಟ ಒಂದು ಡಬ್ಬದ ಮೇಲೆ ಕೂತೆ.

ಹಗ್ಗ ಬಂತು. ಚಿಕ್ಕಪ್ಪ ಹಚ್ಚಿಕೊಂಡರು, ಊದಿ ವಾತ್ಯಾರಿಗೆ ಕೊಟ್ಟರು, ಅವರು ಕುನ್ನತ್ತೂರಿನವರಿಗೆ, ಅವರು ಅಪ್ಪನಿಗೆ. ಅಪ್ಪ ಹಗ್ಗವನ್ನು ತುಸು ಹೊತ್ತು ನೋಡಿದರು. ಆಮೇಲೆ ಹಚ್ಚಿಕೊಂಡರು. ಮೂವರ ಮುಖವೂ ಅರಳಿದ್ದನ್ನು ಈಗಲೂ ಕಾಣುತ್ತೇನೆ. ಆ ಸಂತೋಷದಲ್ಲೇ ಚಿಕ್ಕಪ್ಪ ಕಿವಿ ಅಲ್ಲಾಡಿಸಿದರು, ವಾತ್ಯಾರ್ ಬುಸ್ ಎಂದರು, ಕುನ್ನತ್ತೂರಿನವರು ಇಬ್ಬರನ್ನೂ ನೋಡಿ ಮೀಸೆಯಲ್ಲೇ ನಕ್ಕರು, ಮೂರೂ ಬೂದಿ ನೆಲಕ್ಕೆ ಬಿತ್ತು. ಅಪ್ಪನದು ನಿಂತಿತ್ತು. ಸುರುಟ್ಟು ಗೇಣುದ್ದದಿಂದ ಬೆರಳುದ್ದಕ್ಕೆ ಇಳಿಯುವವರೆಗೂ ನಿಂತಿತ್ತು. ನಾನು ಅಳೆದು ಗೆದ್ದರೆಂದು ಸಾರಿದೆ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅಪ್ಪ ತಲೆ ಹೀಗೆ ಮಾಡಿದರು.

ಮುಂದಿನ ವಾರವೂ ಅಪ್ಪನೇ ಗೆದ್ದರು. ಅದರ ಮುಂದಿನ ವಾರವೂ ಗೆದ್ದರು. ಮೂವರಿಗೂ ಛಲ ಬಂತು. ನಗಿಸಲೇಬೇಕೆಂದು ಪಣ ತೊಟ್ಟರು. ಚಿಕ್ಕಪ್ಪ ಪಟ್ಟರೆಯಿಂದ ಪಂಪಿನ ದೊಡ್ಡ ಕೊಳವೆಯೊಂದನ್ನು ಟೋಪಿಯ ಹಾಗೆ ತಲೆಗಿಟ್ಟುಕೊಂಡು ಬಂದು, ಅದು ಕಿವಿಯವರೆಗೆ ಇಳಿದು ಸಿಕ್ಕಿಕೊಂಡು, ಗ್ರೀಸ್ ಹಚ್ಚಿ ಎಳೆಯಬೇಕಾಯಿತು. ವಾತ್ಯಾರ್ ತಮ್ಮ ಹೆಂಡತಿ ಸೊಳ್ಳೆ ಹೊಡೆಯುವುದನ್ನು ಅಭಿನಯಿಸಿದರು. ಸೊಳ್ಳೆಯ ಪಾತ್ರವನ್ನೂ ಅವರೇ ಮಾಡಿದರು. ಕುನ್ನತ್ತೂರಿನವರಂತೂ ಒಂದು ಹೋತವನ್ನೇ ಬಸ್ಸಿಗೆ ಹತ್ತಿಸಿಕೊಂಡು ಬಂದರು. ಅದು ಅಪ್ಪನ ಎದುರು ನಿಂತು ಅಪ್ಪನ ಹಾಗೆಯೇ ಗಂಭೀರವಾಗಿ ದವಡೆ ಆಡಿಸಲಿ, ಅದನ್ನು ನೋಡಿದರೆ ಕಲ್ಲೂ ನಗುತ್ತದೆ ಎಂದು ಯೋಜನೆ. ಹೋತ ಬಂದದ್ದೇ ಬಾಳೆಪಟ್ಟೆಗೆ ಬಾಯಿ ಹಾಕಿ ಆ ವಾರದ ಸುರುಟ್ಟುಗಳನ್ನೆಲ್ಲ ಮೇಯ್ದುಬಿಟ್ಟಿತು. ಹಚ್ಚಿಕೊಂಡ ನಾಲ್ಕು ಮಾತ್ರ ಉಳಿದವು. ಆಮೇಲೆ ಅದಕ್ಕೆ ತಲೆ ತಿರುಗಿತೋ ಏನೋ, ಲೇತಿನ ಮುಂದೆ ನಿಂತು ಅದಕ್ಕೇ ಗುದ್ದಲು ಶುರುಮಾಡಿತು. ನಾನು ಡಬ್ಬದಿಂದ ಕೆಳಗೆ ಬಿದ್ದು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಮೂವರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು. ಕಣ್ಣೊರೆಸಿಕೊಂಡು ನೋಡುತ್ತೇವೆ, ಅಪ್ಪ ಅಲ್ಲೇ ಕೂತಿದ್ದಾರೆ, ಬೂದಿ ಮೂರು ಬೆರಳುದ್ದ, ನೆಟ್ಟಗೆ, ಹಾಲಿನಷ್ಟು ಬೆಳ್ಳಗೆ. ಹೋತದ ಕಡೆ ಅವರು ನೋಡಿಯೂ ಇರಲಿಲ್ಲ.

ಆ ದಿನ ಟೀ ಕುಡಿಯುವಾಗ ಕುನ್ನತ್ತೂರಿನವರು ಅಪ್ಪನ ಬೆನ್ನು ತಟ್ಟಿ, ಇಂಥ ಆಟಗಾರ ಕೊಂಗುನಾಡಿನಲ್ಲೇ ಇಲ್ಲ ಎಂದರು. ವಾತ್ಯಾರ್ ತಾವು ಹೊದ್ದಿದ್ದ ಜರಿಯಂಚಿನ ಶಲ್ಯ ತೆಗೆದು ಅಪ್ಪನಿಗೆ ಹೊದಿಸಿದರು. ಅಪ್ಪ ಶಲ್ಯವನ್ನು ನೀಟಾಗಿ ಸರಿಮಾಡಿಕೊಂಡರು. ಕತ್ತು ತುಸು ಎತ್ತಿದರು. ಆ ಕತ್ತು ಎತ್ತಿದ್ದನ್ನು ಕಂಡು ನಾನು ಟೀ ಲೋಟ ಕೆಳಗಿಟ್ಟೆ. ಅಪ್ಪನಿಗೆ ಹೆಮ್ಮೆಯಾಗಿತ್ತು. ಅವರು ವಾರವಿಡೀ ಮಗ್ಗದ ಗುಂಡಿಯಲ್ಲಿ ಸುಮ್ಮನೆ ಕೂರುವುದು ಇನ್ನು ದುಃಖವಷ್ಟೇ ಅಲ್ಲ, ಅಭ್ಯಾಸವೂ ಹೌದು. ನಾವು ಮಾತು ಕಳೆದುಕೊಂಡವರನ್ನು ತಂದು, ಮಾತಾಡದೆ ಇದ್ದವನೇ ಗೆಲ್ಲುವ ಆಟಕ್ಕೆ ಕೂರಿಸಿ, ಸುಮ್ಮನಿದ್ದದ್ದಕ್ಕೆ ಶಾಲು ಹೊದಿಸಿದ್ದೆವು.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅಂದು ಅದು ಅಲ್ಲೂ ನಿಲ್ಲಲಿಲ್ಲ. ಅಪ್ಪ ಕೈ ತೊಳೆಯಲು ಕೊಳಾಯಿಗೆ ಹೋದಾಗ ಆ ಮೂವರು ಹಿರಿಯರನ್ನು ಸಾಲಾಗಿ ನಿಲ್ಲಿಸಿ ಏಳನೇ ತರಗತಿಯ ಹುಡುಗರಿಗೆ ಬೈದ ಹಾಗೆ ಬೈದೆ. ಮಾತು ತರಿಸಿ ಎಂದರೆ ಮೌನಕ್ಕೆ ಬಹುಮಾನ ಕೊಡುತ್ತಿದ್ದೀರಲ್ಲ ಎಂದೆ. ನನ್ನನ್ನೂ ಸೇರಿಸಿಯೇ ಬೈದುಕೊಂಡೆ. ವಾತ್ಯಾರರ ಹುಬ್ಬುಗಳು ಈ ಸಲ ಎರಡೂ ಮೇಲೆ ಹೋದವು. ಚಿಕ್ಕಪ್ಪ ಹಣೆ ಹಣೆ ಹೊಡೆದುಕೊಂಡರು. ಕುನ್ನತ್ತೂರಿನವರ ಆ ದೊಡ್ಡ ಧ್ವನಿ ಎಲ್ಲಿ ಹೋಯಿತೋ, ಮೆಲ್ಲಗೆ, "ಅಪ್ಪೊ ಎನ್ನ ಪಣ್ಣಲಾಂ, ಅಮ್ಮಿಣಿ?" ಎಂದರು. ಹಾಗಾದರೆ ಏನು ಮಾಡೋಣ ಮಗಳೇ ಎಂದು. ಅವರ ಕಡೆಯಲ್ಲಿ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಅಮ್ಮಿಣಿ ಎನ್ನುತ್ತಾರೆ.

ಪಂದ್ಯ ನಿಲ್ಲಿಸಿಬಿಡೋಣ ಎಂದರು ಚಿಕ್ಕಪ್ಪ. ನಾನು ಬೇಡವೆಂದೆ. ಅಪ್ಪನಿಗೆ ಈ ಲೋಕದಲ್ಲಿ ಈಗ ಬೇಕಾಗಿರುವುದು ಒಂದೇ, ಆ ಗೆಲುವು. ಅದನ್ನು ಕಿತ್ತುಕೊಂಡರೆ ಉಳಿಯುವುದೇನು? ಗೆಲುವು ಇರಲಿ, ದಾರಿ ಬದಲಾಗಲಿ. ಹೇಗೂ ನಾನು ತೀರ್ಪುಗಾರ್ತಿ. ನಾಲ್ಕು ಜನ ನಾಲ್ಕು ಮಾತು ಹೇಳಿ, ಕೊನೆಗೆ ಹೊಸ ನಿಯಮ ಹುಟ್ಟಿತು. ಎಲ್ಲರೂ ಹಚ್ಚಿಕೊಂಡ ಮೇಲೆ ಒಬ್ಬೊಬ್ಬರೂ ಸರದಿಯಂತೆ, ಸುರುಟ್ಟು ಕೈಯಲ್ಲಿ ಹಿಡಿದುಕೊಂಡು, ತಮ್ಮ ಬದುಕಿನಲ್ಲಿ ನಡೆದದ್ದೊಂದನ್ನು ಹೇಳಬೇಕು. ಹೇಳುವಾಗ ಬೂದಿ ಬಿದ್ದರೆ ಔಟ್. ಕೇಳುವಾಗ ಬಿದ್ದರೂ ಔಟ್. ತನ್ನ ಸರದಿಯಲ್ಲಿ ಹೇಳದೆ ಸುಮ್ಮನಿದ್ದರೆ, ಬೂದಿ ಎಷ್ಟೇ ಉದ್ದವಿರಲಿ, ಔಟ್. ಇದು ಆಟದ ಸಂಪ್ರದಾಯಕ್ಕೇ ವಿರುದ್ಧ ಎಂದು ಕುನ್ನತ್ತೂರಿನವರು ಒಮ್ಮೆ ಗೊಣಗಿದರು. ಸಂಪ್ರದಾಯ ಹುಟ್ಟಿ ಎಷ್ಟು ವರ್ಷವಾಯಿತು ಎಂದು ಕೇಳಿದೆ. ಅವರು ಮೀಸೆ ತಿರುವಿಕೊಂಡರು.

ಮುಂದಿನ ಭಾನುವಾರ ಹೊಸ ನಿಯಮವನ್ನು ನಾನು ಓದಿ ಹೇಳುವಾಗ ಅಪ್ಪನ ಮುಖ ನೋಡಿದೆ. ಕಣ್ಣು ಕಿರಿದಾದವು. ಶಲ್ಯ ಹೊದ್ದೇ ಬಂದಿದ್ದರು. ಎದ್ದು ಹೋಗುತ್ತಾರೇನೋ ಎಂದುಕೊಂಡೆ. ಹೋದರೆ ಮುಗಿಯಿತು, ಇನ್ನೊಮ್ಮೆ ಬರುವವರಲ್ಲ. ಹಗ್ಗ ಬಂದಾಗ ಕೈ ಚಾಚಿದರು.

ಮೊದಲು ಚಿಕ್ಕಪ್ಪ. ತಾವು ಮಾರಿದ ಮೊದಲ ಪಂಪು ಬಾವಿಯಿಂದ ನೀರು ಎತ್ತುವ ಬದಲು ಬಾವಿಗೇ ಗಾಳಿ ಊದಿದ್ದನ್ನು ಹೇಳಿದರು; ಕೊಂಡವನು ಬಾವಿ ಗೊರಕೆ ಹೊಡೆಯುತ್ತಿದೆ ಎಂದು ಓಡಿ ಬಂದನಂತೆ. ಗೊರಕೆಯನ್ನು ಮಾಡಿ ತೋರಿಸಲು ಹೋಗಿ ತಮ್ಮ ಬೂದಿಯನ್ನು ತಾವೇ ಬೀಳಿಸಿಕೊಂಡರು. ಆಮೇಲೆ ವಾತ್ಯಾರ್, ಆಮೇಲೆ ಕುನ್ನತ್ತೂರಿನವರು. ಇಬ್ಬರೂ ಮೆಲ್ಲಗೆ, ತುಟಿ ಮಾತ್ರ ಆಡಿಸಿ, ಹೇಗೋ ಬೂದಿ ಉಳಿಸಿಕೊಂಡರು. ಅಪ್ಪನ ಸರದಿ ಬಂತು.

ಅಪ್ಪ ಸುಮ್ಮನಿದ್ದರು. ಪಕ್ಕದ ಪಟ್ಟರೆಯ ರೇಡಿಯೋ ಕೇಳಿಸುತ್ತಿತ್ತು. ನಾನು ಔಟ್ ಎಂದು ಹೇಳಬೇಕಿತ್ತು, ನಿಯಮ ಮಾಡಿದವಳು ನಾನೇ. ಹೇಳಲಾಗಲಿಲ್ಲ. ಮೂವರೂ ನನ್ನನ್ನೇ ನೋಡುತ್ತಿದ್ದರು, ಹೇಳಬೇಡ ಎಂದು ಅವರ ಕಣ್ಣುಗಳು ಬೇಡುತ್ತಿದ್ದವು. ನಾನು ಕೊನೆಗೆ ಅಡಿಕೋಲು ಎತ್ತಿದೆ. ಅಪ್ಪ ಆ ಅಡಿಕೋಲನ್ನು ನೋಡಿದರು, ತಮ್ಮ ಬೂದಿಯನ್ನು ನೋಡಿದರು. ಸೋಲುವುದು ಅವರಿಗೆ ಇಷ್ಟವಿರಲಿಲ್ಲ.

"ತಲೈ ಆಡಿಕ್ಕು," ಎಂದರು ಅಪ್ಪ. ಧ್ವನಿ ತುಕ್ಕು ಹಿಡಿದಿತ್ತು. ಕೆಮ್ಮಿ, ಬೂದಿ ಅಲುಗದ ಹಾಗೆ ಕೆಮ್ಮಿ, ಮತ್ತೆ ಹೇಳಿದರು. "ತಲೆ ಆಡಿಗೆ ಮಡತ್ತುಕುಳಂಗೆ ಹೋಗಿದ್ದೆ."

ಮದುವೆಯಾದ ಮೊದಲ ಆಷಾಢಕ್ಕೆ ಅಳಿಯನನ್ನು ಕರೆದು ಊಟ ಹಾಕುವುದಕ್ಕೆ ನಮ್ಮಲ್ಲಿ ತಲೆ ಆಡಿ ಎನ್ನುತ್ತಾರೆ. ಅಮ್ಮನ ತವರು ಮಡತ್ತುಕುಳಂ, ಅಮರಾವತಿ ಹೊಳೆಯ ಹತ್ತಿರ. ತಮಿಳಲ್ಲಿ ಶುರುಮಾಡಿದ ಅಪ್ಪ ಎರಡನೇ ಮಾತಿಗೇ ಕನ್ನಡಕ್ಕೆ ಹೊರಳಿಬಿಟ್ಟಿದ್ದರು. ಕುನ್ನತ್ತೂರಿನವರಿಗೂ ವಾತ್ಯಾರಿಗೂ ಕನ್ನಡ ಬಾರದು. ಆದರೂ ಯಾರೂ ತಡೆಯಲಿಲ್ಲ. ಚಿಕ್ಕಪ್ಪ ಅವರಿಬ್ಬರ ನಡುವೆ ತಲೆ ತೂರಿಸಿ ಪಿಸುಗುಡುತ್ತ ತಮಿಳು ಮಾಡತೊಡಗಿದರು.

ಮಾವನವರು ಹೊಗೆಯ ವೈರಿ, ಅಳಿಯ ಸುರುಟ್ಟು ಸೇದುತ್ತಾನೆಂದು ಅವರಿಗೆ ತಿಳಿಯದು. ಹಬ್ಬದೂಟ ಮುಗಿಸಿ ಅಪ್ಪ ಕಬ್ಬಿನ ಗದ್ದೆಯ ಮರೆಗೆ ಹೋಗಿ ಒಂದು ಹಚ್ಚಿಕೊಂಡರಂತೆ. ಅಮ್ಮ ಅವರನ್ನು ಹುಡುಕಿಕೊಂಡು ಕಾಫಿ ಲೋಟ ಹಿಡಿದು ಬಂದಳಂತೆ, ಮುಹೂರ್ತಕ್ಕೆಂದು ಅಪ್ಪನೇ ನೇಯ್ದುಕೊಟ್ಟ ಸೀರೆ ಉಟ್ಟುಕೊಂಡು. ಅಷ್ಟರಲ್ಲಿ ಬದುವಿನ ಮೇಲೆ ಮಾವನ ಕೆಮ್ಮು ಕೇಳಿಸಿದೆ.

"ಏನ್ ಮಾಡೋದು ಅಂತ ತೋಚಲಿಲ್ಲ. ಸುರುಟ್ಟನ್ನ ಅವಳ ಕೈಗೆ ತುರುಕಿಬಿಟ್ಟೆ," ಎಂದರು ಅಪ್ಪ. "ಅವಳು ಕೈ ಹಿಂದಕ್ಕೆ ಮಡಗಿಕೊಂಡು ನಿಂತ್ಳು. ಅವರು ಬಂದ್ರು. ಬಂದವರು ಹೋಗಬೇಕಲ್ಲ? ನೂಲಿನ ವಿಷಯ, ಹೊಳೆ ನೀರಿನ ವಿಷಯ, ಅವರ ತಮ್ಮನ ಮಗನ ವಿಷಯ. ನಾನು ಆಮಾ ಆಮಾ ಅಂತ ತಲೆ ಆಡಿಸ್ತಿದ್ದೀನಿ. ಇವಳ ಬೆನ್ನ ಹಿಂದಿಂದ ಹೊಗೆ ರೊಂಬ ಚೆನ್ನಾಗಿ ಮೇಲಕ್ಕೆ ಹೋಗ್ತಾ ಇದೆ."

ಕುನ್ನತ್ತೂರಿನವರ ಮೀಸೆ ನಡುಗಿತು. ಕಚ್ಚಿ ಹಿಡಿದರು.

"ಅಪ್ಪುರಂ, ಎಲ್ಲ ಮಾತೂ ಮುಗಿದ ಮೇಲೆ, ಮಾವ ಹೊರಟ್ರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಅವಳನ್ನ ನೋಡಿ ಹೇಳಿದ್ರು, ಕಣ್ಣಮ್ಮಾ, ಬೆರಳು ಸುಟ್ಕೊಂಡೀಯ, ಜಾಗ್ರತೆ."

ನನ್ನ ಬಾಯಿಂದ ಬಂದದ್ದು ನಗುವೋ ಕಿರುಚೋ ಗೊತ್ತಿಲ್ಲ. ವಾತ್ಯಾರ್ ತಮಿಳಿಗೆ ಕಾಯದೆ ನನ್ನ ಮುಖ ನೋಡಿಯೇ ನಕ್ಕು ಬೂದಿ ಕಳೆದುಕೊಂಡರು. ಕುನ್ನತ್ತೂರಿನವರಿಗೆ ಚಿಕ್ಕಪ್ಪನ ಪಿಸುಮಾತು ತಲುಪಲು ತುಸು ಹೊತ್ತು ಹಿಡಿಯಿತು; ತಲುಪಿದ ಮೇಲೆ ಅವರು ನಕ್ಕ ನಗುವಿಗೆ ಹೊಂಗೆ ಮರದ ಕಾಗೆಗಳೆಲ್ಲ ಎದ್ದು ಹಾರಿದವು. ಮೂವರೂ ಔಟ್. ಗೆದ್ದಿರಿ, ಗೆದ್ದಿರಿ ಎಂದು ಚಿಕ್ಕಪ್ಪ ಕೂಗಿದರು.

ಅಪ್ಪ ಕೈ ಎತ್ತಿ ತಡೆದರು. ಕಥೆ ಮುಗಿದಿರಲಿಲ್ಲ.

"ಅವರು ಹೋದ ಮೇಲೆ ಅವಳು ಕೈ ಮುಂದಕ್ಕೆ ತಂದ್ಳು. ಬೂದಿ ಬಿದ್ದೇ ಇರಲಿಲ್ಲ. ಒಂದು ಚೂರೂ ಬಿದ್ದಿರಲಿಲ್ಲ. ಹೆಂಗೆ ಹಿಡಿದುಕೊಂಡಿದ್ಯೆ ಇಷ್ಟು ಹೊತ್ತು ಅಂತ ಕೇಳಿದೆ. ಬಿದ್ದಿದ್ರೆ ನೀವು ನೇಯ್ದ ಸೀರೆ ಸುಟ್ಟುಹೋಗ್ತಿತ್ತಲ್ಲ, ಅಂದ್ಳು."

ಯಾರೂ ನಗಲಿಲ್ಲ. ಅಪ್ಪ ತಮ್ಮ ಸುರುಟ್ಟನ್ನು ನನ್ನ ಮುಂದೆ ಚಾಚಿ ಅಳೆ ಎಂದರು. ಅಡಿಕೋಲು ಹಿಡಿದೆ, ಕಣ್ಣು ತುಂಬಿ ಗೆರೆಗಳೇ ಕಾಣಲಿಲ್ಲ. ಎಷ್ಟೋ ಒಂದು ಹೇಳಿದೆ. ಅಪ್ಪ ಹೌದೆಂಬಂತೆ ತಲೆಯಾಡಿಸಿ, "ಅವಳದು ಇನ್ನೂ ಉದ್ದ ಇತ್ತು," ಎಂದರು. ಹೇಳಿ ನಕ್ಕರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಅಪ್ಪ ಇಡಿಯಾಗಿ ಅಲುಗಿದರು, ಮತ್ತು ಅಷ್ಟು ವಾರ ಸೋಲು ಕಾಣದ ಆ ಬೂದಿ ವಾತ್ಯಾರ್ ಹೊದಿಸಿದ ಶಲ್ಯದ ಮೇಲೆ ಪಟ್ಟನೆ ಬಿತ್ತು. ನಗುತ್ತ ನಗುತ್ತಲೇ ಅಪ್ಪ ಅತ್ತರು. ಅಮ್ಮ ಸತ್ತಾಗ ಅಳದವರು. ಮೂವರು ಗೆಳೆಯರೂ ಎದ್ದು ಬಂದು ಅವರ ಸುತ್ತ ನಿಂತರು. ಒಬ್ಬರ ಕೈ ಅಪ್ಪನ ತಲೆ ಮೇಲೆ, ಒಬ್ಬರದು ಬೆನ್ನ ಮೇಲೆ. ಕುನ್ನತ್ತೂರಿನವರು ಶಲ್ಯದ ಮೇಲಿನ ಕಿಡಿಯನ್ನು ಬರಿಗೈಯಲ್ಲಿ ಹೊಸಕಿ ಹಾಕಿ, ತೀರ್ಪು ಹೇಳು ಅಮ್ಮಿಣಿ ಎಂದರು. ನಾಲ್ವರ ಬೂದಿಯೂ ಬಿದ್ದಿತ್ತು. ಅಮ್ಮ ಗೆದ್ದಳೆಂದು ಹೇಳಿದೆ. ಯಾರೂ ತಕರಾರು ಮಾಡಲಿಲ್ಲ.

ಸಂಜೆ ಟೀವಿಯ ಸಿನಿಮಾಕ್ಕೆ ಮೊದಲು ಮನೆ ಸೇರಬೇಕೆಂದು ಜನ ಬಸ್ಸಿಗೆ ನುಗ್ಗುತ್ತಿದ್ದರು. ನಮಗೆ ಹೇಗೋ ಜಾಗ ಸಿಕ್ಕಿತು. ಗಣಪತಿಯಲ್ಲಿ ಕೂತ ಅಪ್ಪ ಮಾತು ಶುರುಮಾಡಿದರು, ಬಿಡಲೇ ಇಲ್ಲ. ಅಮ್ಮ ಮಡತ್ತುಕುಳಂನಿಂದ ತಂದ ಹಿತ್ತಾಳೆ ಕೊಡದ ಕಥೆ, ಅವಳಿಗೆ ಈಜು ಬರುತ್ತಿದ್ದ ಕಥೆ, ನಾನು ಹುಟ್ಟಿದಾಗ ನನ್ನ ಮೂಗು ನೋಡಿ ಅವಳು ಬೈದ ಕಥೆ. ಮುಂದಿನ ಸೀಟಿನವನು ತಿರುಗಿ ಕೂತು ಕೇಳತೊಡಗಿದ. ಹೂ ಮಾರುವವಳು ತನ್ನ ನಿಲ್ದಾಣದಲ್ಲಿ ಇಳಿಯಲಿಲ್ಲ. ಟಿಕೆಟ್ ಕೇಳಲು ಬಂದ ಕಂಡಕ್ಟರನ್ನೂ ಅಪ್ಪ ಕೈ ಹಿಡಿದು ನಿಲ್ಲಿಸಿಕೊಂಡರು. ಮಧ್ಯಾಹ್ನದಿಂದ ಹೊಗೆ ಕುಡಿದು, ನಕ್ಕು, ಅತ್ತು ನನ್ನ ತಲೆ ಸಿಡಿಯುತ್ತಿತ್ತು. ಗಾಂಧಿಪುರ ಬರುವಷ್ಟರಲ್ಲಿ ತಡೆಯಲಾಗಲಿಲ್ಲ.

"ಅಪ್ಪಾ, ಸ್ವಲ್ಪ ಹೊತ್ತು ಸುಮ್ಮನಿರಪ್ಪಾ," ಎಂದುಬಿಟ್ಟೆ.

ಅಪ್ಪ ತಟ್ಟನೆ ನಿಲ್ಲಿಸಿದರು. ನಾನು ಏನು ಹೇಳಿದೆನೆಂದು ನನಗೇ ಆಗ ಕೇಳಿಸಿತು. ಅವರ ಎರಡೂ ಕೈ ಹಿಡಿದುಕೊಂಡು ಇಲ್ಲಪ್ಪ, ಇಲ್ಲ, ಹೇಳಪ್ಪ, ಮುಂದೇನಾಯಿತು ಹೇಳು ಎಂದೆ. ಅಪ್ಪ ನನ್ನ ಮುಖವನ್ನೇ ನೋಡಿದರು.

"ಇದನ್ನೆಲ್ಲ ಅವಳು ನಿಂಗೆ ಹೇಳಲೇ ಇಲ್ವಾ?" ಎಂದು ಕೇಳಿದರು.

ಇಲ್ಲವೆಂದೆ.

"ಹಂಗಾದ್ರೆ ನಾನೇ ಹೇಳಬೇಕು," ಎಂದು ಅಪ್ಪ ಕಿಟಕಿಯ ಕಡೆಯಿಂದ ನನ್ನ ಕಡೆಗೆ ತಿರುಗಿ, ಕಾಲು ಮಡಚಿಕೊಂಡು ಸರಿಯಾಗಿ ಕೂತರು.